ಅಮೆರಿಕದ ವಸಾಹತುಗಳಲ್ಲಿ ಬಿಗಿಕುಪ್ಪಸದ ಕಸಬು

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕಾದಂಬರಿ, ಪ್ರಹಸನ, ಪತ್ರಸಾಹಿತ್ಯಗಳನ್ನು ಪಾಠ ಹೇಳುವವರಿಗೆ ‘ಸ್ಟೇಸ್’ ಎಂಬ ಮಾತು ಮೇಲಿಂದ ಮೇಲೆ ಎದುರಾಗುತ್ತದೆ. ನಿಘಂಟನ್ನು ನೋಡಿದರೆ ‘ಕಾರ್ಸೆಟ್’ ಎಂಬ ಪರ್ಯಾಯಪದವು ದೊರೆಯುತ್ತದೆ. ಕಾರ್ಸೆಟ್ ಎಂದೊಡನೆ ವಿಕ್ಟೋರಿಯಾ ರಾಣಿಯ ಕಾಲದ, ಉಕ್ಕಿನ ಕೊಂಡಿಗಳಿಂದ ಹಿಂಡಿ ಬಡನಡುವನ್ನು ಬಲಾತ್ಕಾರವಾಗಿ ತಂದುಕೊಂಡ ಸ್ತ್ರೀರೂಪವು ಮನಸ್ಸಿಗೆ ಬರುವುದು ಸಹಜ. ಆ ರೂಪವನ್ನು ನೂರು ವರ್ಷ ಹಿಂದಕ್ಕೆ ಕೊಂಡೊಯ್ದರೆ ಅರ್ಥವೇ ಕೆಡುತ್ತದೆ. ಹಿಂದಿನ ಆ ಉಡುಪಿನ ಆಕಾರ ಬೇರೆ, ಅದನ್ನು ತೊಡುತ್ತಿದ್ದವರು ಬೇರೆ, ಅದನ್ನು ಮಾಡುತ್ತಿದ್ದವರೂ ಬೇರೆ. ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿಯಂತೂ ಅದಕ್ಕೆ ಒಂದು ರಾಜಕೀಯಾರ್ಥವೂ ಸೇರಿಕೊಂಡಿದ್ದಿತು. ವಸಾಹತೆಂದರೆ ಏನೆಂಬುದನ್ನು ಒಂದೇ ಒಂದು ಉಡುಪಿನಲ್ಲಿ ಕಾಣಬಹುದಾದರೆ ಅದನ್ನು ಇದರಲ್ಲಿ ಕಾಣಬಹುದು.

ಮೊದಲು ಹೆಸರಿನ ವಿಚಾರ. ಹದಿನೇಳನೆಯ ಶತಮಾನದಲ್ಲಿ ಇದಕ್ಕೆ ‘ಬಾಡಿಗಳ ಜೋಡಿ’ ಎಂದು ಹೆಸರಿದ್ದಿತು. ‘ಬಾಡಿಸ್’ ಎಂಬ ಈ ಬಹುವಚನರೂಪವೇ ಕಾಲಕ್ರಮದಲ್ಲಿ ಏಕವಚನವೆಂದು ಭಾವಿತವಾಗಿ ಇಂದಿನ ಇಂಗ್ಲಿಷಿನ ‘ಬಾಡಿಸ್’ ಎಂಬ ಬೇರೆಯ ಶಬ್ದವಾಯಿತು. ‘ಸ್ಟೇ’ ಎಂಬುದು ಆಸರೆ, ಊರೆ ಎಂಬ ಅರ್ಥದ ಹಳೆಯ ಫ್ರೆಂಚ್ ಮೂಲದಿಂದ ಬಂದುದು. ಇದನ್ನೂ ಬಹುವಚನದಲ್ಲಿಯೇ, ‘ಒಂದು ಜೊತೆ ಸ್ಟೇಸ್’ ಎಂದೇ ಹೇಳುತ್ತಿದ್ದರು. ಎಡಬಲದ ಎರಡು ಭಾಗಗಳನ್ನು ಬೇರೆಯಾಗಿ ಸಿದ್ಧಪಡಿಸಿ ಲಾಡಿಯಿಂದ ಕೂಡಿಸುತ್ತಿದ್ದುದೇ ಇದಕ್ಕೆ ಕಾರಣ. ‘ಒಂದು ಜೊತೆ’ ಎಂಬುದನ್ನು ಎರಡು ಉಡುಪುಗಳೆಂದು ಭಾಷಾಂತರಿಸುವುದು ತಪ್ಪಾಗುತ್ತದೆ. ‘ಕಾರ್ಸೆಟ್’ ಎಂಬುದಾದರೋ ದೇಹವೆಂಬ ಅರ್ಥದ ಫ್ರೆಂಚ್ ಶಬ್ದದ ಅಲ್ಪಾರ್ಥಕರೂಪ. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಅದು ಇಂಗ್ಲಿಷಿನಲ್ಲಿ ರೂಢಿಗೆ ಬಂದಾಗ ಮೆತ್ತನೆಯ ಹಗುರವಾದ ಉಡುಪನ್ನು ಸೂಚಿಸುತ್ತಿದ್ದು, ಆಮೇಲೆ ಹಳೆಯ ಹೆಸರನ್ನೇ ನುಂಗಿಕೊಂಡಿತು. ಕಟ್ಟುನಿಟ್ಟಿನ ನಡತೆಯವರನ್ನು ಕುರಿತು ಇಂದಿಗೂ ಹೇಳುವ ‘ಸ್ಟ್ರೇಟ್‌ಲೇಸ್ಡ್’ ಎಂಬ ವಿಶೇಷಣ ಈ ಉಡುಪಿನ ಲಾಡಿಯಿಂದಲೇ ಹುಟ್ಟಿದುದು. ಅಲ್ಲಿಯ ‘ಸ್ಟ್ರೇಟ್’ ನೆಟ್ಟಗಿನದಲ್ಲ, ಇಕ್ಕಟ್ಟಿನದು. ಪ್ರಕೃತ ಲೇಖನದಲ್ಲಿ ‘ಬಿಗಿಕುಪ್ಪಸ’ ಎಂಬ ಹೆಸರನ್ನು ಇಟ್ಟುಕೊಂಡಿದೆ.

ಬಿಗಿಕುಪ್ಪಸವನ್ನು ಒಳಂಗಿಯ ಮೇಲೆ, ಮೇಲುಡುಪಿನ ಕೆಳಗೆ ತೊಡುತ್ತಿದ್ದರು. ಮನೆಗೆಲಸದ ಹೊತ್ತಿನಲ್ಲಿ ಅದೇ ಮೇಲುಡುಪಾಗಿರುವುದೂ ಉಂಟು. ಎರಡು ಮೂರು ಪದರ ಗಟ್ಟಿಯಾದ ನಾರುಬಟ್ಟೆಯನ್ನೋ ಅಂಟು ಹಾಕಿ ಬಿರುಸು ಮಾಡಿದ ಬಕ್ರಮನ್ನೋ ಒಂದರ ಮೇಲೊಂದಿಟ್ಟು, ಸಾಲುಸಾಲಾಗಿ ಹೊಲಿದು, ಸಾಲುಗಳ ನಡುವಿನ ಕಿರುಕೊಳವೆಗಳಲ್ಲಿ ತಿಮಿಂಗಿಲದ ‘ಎಲುಬಿನ’ ಸಣ್ಣ ಕಡ್ಡಿಗಳನ್ನು ತೂರಿಸುತ್ತಿದ್ದರು. ಪೂರ್ಣವಾಗಿ ಕಡ್ಡಿಯಿಟ್ಟ ಒಂದು ಜೊತೆಯಲ್ಲಿ ನೂರಕ್ಕೂ ಹೆಚ್ಚು ಕಡ್ಡಿಗಳಿರುತ್ತಿದ್ದವು. ಸೊಂಟದ ಕೆಳಗಿನ ಅಂಚನ್ನು ಅಲ್ಲಲ್ಲಿ ಸೀಳಿ ಎಸಳುಗಳಂತೆ ಬಿಡುತ್ತಿದ್ದುದರಿಂದ ಅವು ನಿತಂಬದ ಮೇಲೆ ಅರಳಿಕೊಂಡು, ಮೇಲೆ ಕಟ್ಟುವ ಲಂಗಗಳ ಭಾರವನ್ನು ಹೊರುತ್ತಿದ್ದವು. ಒಟ್ಟಿನ ಆಕಾರವು ತಲೆಕೆಳಗಾದ ಶಂಕುವಿನಂತೆ: ಎದೆಯ ಮುಂಭಾಗ ಸಮತಟ್ಟು, ಬೆನ್ನು ನೆಟ್ಟಗೆ, ತೋಳುಗಳು ಹಿಂದಕ್ಕೆ. ನಡುವನ್ನು ಕಿರಿದುಮಾಡುವುದಕ್ಕಿಂತ ದೇಹವನ್ನು ನೆಟ್ಟಗೆ ನಿಲ್ಲಿಸುವುದೇ ಇದರ ಮುಖ್ಯೋದ್ದೇಶವಾಗಿದ್ದಿತು. ಲಾಡಿಯ ಕಣ್ಣುಗಳನ್ನು ಆಗ ನೂಲಿನಿಂದಲೇ ಕಟ್ಟುತ್ತಿದ್ದರು. ಅವು ವಿಪರೀತವಾದ ಎಳೆತವನ್ನು ತಾಳಲಾರವು. ಲೋಹದ ಕಣ್ಣುಗಳು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅತಿಯಾಗಿ ಬಿಗಿಯುವ ಹುಚ್ಚು ಬೆಳೆದುದು ಅವುಗಳ ಆಸರೆಯಿಂದ. ಬಿಗಿಕುಪ್ಪಸಕ್ಕೆ ಆಕ್ಷೇಪಣೆ ಇರಲಿಲ್ಲವೆಂದಲ್ಲ. ಜಾನ್ ಲಾಕನು ೧೬೯೩ರ ತನ್ನ ಶಿಕ್ಷಣಗ್ರಂಥದಲ್ಲಿಯೂ ರೂಸೋ ೧೭೬೨ರ ‘ಎಮೀಲ್’ನಲ್ಲಿಯೂ ಇದನ್ನು ಖಂಡಿಸಿದರು. ಚಿತ್ರಕಾರ ಹೋಗಾರ್ತನು ಮಾತ್ರ ೧೭೫೩ರ ಸೌಂದರ್ಯಮೀಮಾಂಸೆಯಲ್ಲಿ ಏಳು ಬಿಗಿಕುಪ್ಪಸಗಳನ್ನು ಸಾಲಾಗಿ ಬರೆದು, ನಾಲ್ಕನೆಯದರ ರೇಖೆಯೇ ನಿರ್ದುಷ್ಟವಾದುದೆಂದು ತೋರಿಸಿದನು.

ಕಡ್ಡಿಯನ್ನು ಎಲುಬೆಂದು ಕರೆಯುವುದು ವ್ಯಾಪಾರಿಗಳ ರೂಢಿ. ನಿಜವಾಗಿ ಅದು ಎಲುಬಲ್ಲ. ಹಲ್ಲಿಲ್ಲದ ಜಾತಿಯ ತಿಮಿಂಗಿಲಗಳ ಮೇಲ್ದವಡೆಯಿಂದ, ಒಂದೊಂದು ಪಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು, ನೀರನ್ನು ಸೋಸಿ ಆಹಾರವನ್ನು ಹಿಡಿಯುವ ಹಲಗೆಗಳು ಇಳಿಬಿದ್ದಿರುತ್ತವೆ. ಉಗುರು ಕೊಂಬುಗಳ ಜಾತಿಯ ಈ ಪದಾರ್ಥಕ್ಕೆ ಬಲೀನ್ ಎಂದು ಹೆಸರು. ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ಬಿಸಿಗೆ ಮೆತ್ತಗಾಗಿ, ಬಾಗಿಸಿದ ಹಾಗೆ ಬಾಗಿ, ಆರಿದ ಮೇಲೆ ಆ ಬಾಗನ್ನು ಉಳಿಸಿಕೊಳ್ಳುತ್ತದೆ. ತೊಟ್ಟವಳ ಮೈಯ ಬಿಸಿಯಿಂದ ಕುಪ್ಪಸವು ದಿನೇ ದಿನೇ ಅವಳ ಆಕಾರಕ್ಕೆ ಒಗ್ಗಿಕೊಳ್ಳುತ್ತಿದ್ದುದು ಈ ಗುಣದಿಂದಲೇ. ಬೆತ್ತ, ಜೊಂಡು, ಹುರಿ ಮೊದಲಾದುವನ್ನು ಅಗ್ಗದ ಕುಪ್ಪಸಗಳಲ್ಲಿ ಬಳಸುತ್ತಿದ್ದರಾದರೂ ಅವು ಬಲೀನಿಗೆ ಸಮನಾಗಲಿಲ್ಲ.

ಈ ಪದಾರ್ಥವು ನ್ಯೂ ಇಂಗ್ಲೆಂಡಿನ ಕರಾವಳಿಯಲ್ಲಿಯೇ ದೊರೆಯುತ್ತಿದ್ದಿತು. ನಾಂಟಕೆಟ್ ದ್ವೀಪಕ್ಕೆ ಕೀರ್ತಿ ತಂದ ಸ್ಪರ್ಮ್ ಜಾತಿಯ ತಿಮಿಂಗಿಲಕ್ಕೆ ಹಲ್ಲುಗಳುಂಟು. ಅದರಿಂದ ದೀಪದ ಎಣ್ಣೆಯೇ ಹೊರತು ಬಲೀನು ಬಾರದು. ಬಲೀನು ಬರುತ್ತಿದ್ದುದು ದಡಕ್ಕೆ ಹತ್ತಿರವಾಗಿ ಮೆಲ್ಲನೆ ಈಜುವ, ಸತ್ತ ಮೇಲೆಯೂ ತೇಲುವ ‘ರೈಟ್ ವೇಲ್’ ಎಂಬ ಜಾತಿಯಿಂದ. ಲಾಂಗ್ ಐಲೆಂಡ್, ಕೇಪ್ ಕಾಡ್ ಮುಂತಾದ ಕಡೆಗಳಲ್ಲಿ ದೋಣಿಗಳಿಂದಲೇ ಇದನ್ನು ಬೇಟೆಯಾಡುತ್ತಿದ್ದರು. ಉತ್ತರ ಅಟ್ಲಾಂಟಿಕಿನಲ್ಲಿ ಈ ಜಾತಿಯವು ಈಗ ನಾಲ್ಕುನೂರೂ ಉಳಿದಿಲ್ಲ. ೧೭೬೪ರಲ್ಲಿ ಪಾರ್ಲಿಮೆಂಟು ಸಕ್ಕರೆಯ ಕಾಯಿದೆಯನ್ನು ಮಾಡಿದಾಗ, ಬ್ರಿಟನ್ನಿಗೋ ಬ್ರಿಟನ್ನಿನ ಇತರ ವಸಾಹತುಗಳಿಗೋ ಅಲ್ಲದೆ ಬೇರೆಲ್ಲಿಗೂ ಕಳುಹಿಸಕೂಡದ ಸರಕುಗಳ ಪಟ್ಟಿಯಲ್ಲಿ ಕಾಫಿ, ಚರ್ಮ, ಕಚ್ಚಾ ರೇಷ್ಮೆಗಳ ಜೊತೆಗೆ ತಿಮಿಂಗಿಲದ ಬಲೀನನ್ನೂ ಸೇರಿಸಿತು. ಅದೇ ವರ್ಷ ಅಮೆರಿಕದ ಬಲೀನಿನ ಮೇಲಿನ ಆಮದಿನ ಸುಂಕವನ್ನು ಇಳಿಸಿದುದೂ ಉಂಟು. ಸುಂಕ ಇಳಿದುದರಿಂದ ಬೇಟೆಗಾರರಿಗೆ ಅನುಕೂಲವಾಯಿತೆಂಬುದು ನಿಜ. ಆದರೆ ಹಾಲೆಂಡ್ ಮೊದಲಾದ ಪರರಾಜ್ಯಗಳ ಬಾಗಿಲು ಅವರಿಗೆ ಮುಚ್ಚಿತು. ಹೀಗೆ ಮ್ಯಾಸಚೂಸೆಟ್ಸಿನ ಸಮುದ್ರದಲ್ಲಿ ಸಿಕ್ಕಿದ ಬಲೀನು ಲಂಡನ್ನಿಗೆ ಹೋಗಿ, ಅಲ್ಲಿ ಸೀಳಿಸಿಕೊಂಡು ಕುಪ್ಪಸವನ್ನು ಸೇರಿ, ಅಮೆರಿಕದ ಅಂಗಡಿಗೆ ಸಾಗಣೆ, ದಲ್ಲಾಳಿ, ಲಾಭಗಳೆಲ್ಲವನ್ನೂ ಹೊತ್ತು ಮರಳಿ ಬರುವ ಮಾರ್ಗವು ಗಟ್ಟಿಯಾಯಿತು. ಉಣ್ಣೆಯ ಬಟ್ಟೆ, ಹ್ಯಾಟು, ಕಬ್ಬಿಣ ಇವುಗಳ ವಿಷಯದಲ್ಲಿ ೧೬೯೯, ೧೭೩೨, ೧೭೫೦ರಲ್ಲಿ ವಸಾಹತುಗಳ ಕೈಗಾರಿಕೆಗೆ ಅಡ್ಡಿ ಮಾಡುವ ಕಾಯಿದೆಗಳು ಹುಟ್ಟಿದವು. ಬಿಗಿಕುಪ್ಪಸಕ್ಕೆ ಅಂಥ ಕಾಯಿದೆ ಬೇಕಾಗಲಿಲ್ಲ. ಲಂಡನ್ನಿನ ಮೇಲಿನ ವ್ಯಾಮೋಹವೇ ಆ ಕೆಲಸವನ್ನು ಮಾಡುತ್ತಿದ್ದಿತು.

ಈ ವ್ಯಾಮೋಹಕ್ಕೆ ಒಳ್ಳೆಯ ಉದಾಹರಣೆ ಜಾರ್ಜ್ ವಾಷಿಂಗ್ಟನ್ನನ ಮನೆಯದೇ. ವರ್ಜೀನಿಯದಲ್ಲಿ ಬೆಳೆದ ತಂಬಾಕನ್ನು ಲಂಡನ್ನಿನ ರಾಬರ್ಟ್ ಕೇರಿ ಎಂಬ ವರ್ತಕರ ಕೋಠಿಗೆ ಕಳುಹಿಸಿ, ಅದರ ಲೆಕ್ಕಕ್ಕೆ ಬೇಕಾದ ಸಾಮಾನುಗಳನ್ನು ಅಲ್ಲಿಂದ ತರಿಸಿಕೊಳ್ಳುವುದು ಅವನ ಪದ್ಧತಿ. ೧೭೬೦ರ ಸುಮಾರಿಗೆ, ಹೆಂಡತಿಯ ಮೊದಲ ಮದುವೆಯ ಮಗಳಾದ, ಆಗ ನಾಲ್ಕೇ ವರ್ಷದ ಮಗುವಿಗಾಗಿ ತರಿಸಿದ ವಸ್ತುಗಳಲ್ಲಿ ಹುರಿಯಿಂದ ಬಿರುಸುಮಾಡಿದ ಒಂದು ಜೊತೆ ಬಿಗಿಕುಪ್ಪಸವೂ ಸೇರಿದೆ. ಎಳೆಯ ಮಕ್ಕಳಿಗೆ, ಗಂಡುಹುಡುಗರಿಗೂ ಕೂಡ, ಬೆನ್ನು ನೆಟ್ಟಗೆ ಬೆಳೆಯಲೆಂದು ಇದನ್ನು ತೊಡಿಸುವುದು ಆಗಿನ ವಾಡಿಕೆ. ಮೈಯಳತೆಯನ್ನೋ ಹಳೆಯ ಕುಪ್ಪಸವನ್ನೋ ಹಡಗಿನಲ್ಲಿ ಕಳುಹಿಸಿ, ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾದು, ಬಂದದ್ದು ಮೈಗೆ ಹಿಡಿಯದೆ ಇದ್ದರೆ ಪೇಚಾಡುವುದು ವಸಾಹತಿನವರ ಪಾಡಾಗಿದ್ದಿತು. ಲಂಡನ್ನಿನವರು ಕಳಪೆ ಮಾಲನ್ನು ಹೆಚ್ಚಿನ ಬೆಲೆಗೆ ಕಳುಹಿಸುತ್ತಾರೆಂದು ವಾಷಿಂಗ್ಟನ್ನನು ದೂರಿಕೊಂಡುದು ಪ್ರಸಿದ್ಧವಾಗಿದೆ.

ಊರಿನ ಕಸಬುದಾರನಿಗೆ ಎಡೆ ಸಿಕ್ಕಿದುದು ಇಲ್ಲಿಯೇ. ಟೋಪಿ, ಬೀಸಣಿಗೆ, ಪಾದರಕ್ಷೆಗಳನ್ನು ಸಿದ್ಧವಾಗಿ ತರಿಸಬಹುದು. ದೇಹಕ್ಕೆ ಇಷ್ಟು ಹತ್ತಿರದ ಉಡುಪನ್ನು ಅಳತೆ ಹಿಡಿದು, ತೊಡಿಸಿ ನೋಡಿ, ತಿದ್ದಿ ಮಾಡಿದರೇ ಚೆನ್ನ. ಬಸಿರು, ಬಾಣಂತಿತನ, ವಯಸ್ಸುಗಳಿಂದ ಮೈ ಬದಲಾದಂತೆಲ್ಲ ಅದನ್ನು ಬಿಚ್ಚಿ ಹೊಲಿಯಬೇಕು. ಮುರಿದ ಕಡ್ಡಿಯನ್ನು ತೆಗೆದು ಹೊಸದನ್ನು ಇಡಬೇಕು. ಇಂಥ ಕೆಲಸವು ಸಮುದ್ರವನ್ನು ದಾಟಲಾರದು. ಆದುದರಿಂದ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯ, ವಿಲಿಯಮ್ಸ್‌ಬರ್ಗ್, ಚಾರ್ಲ್ಸ್‌ಟನ್ ಪಟ್ಟಣಗಳಲ್ಲಿ ಈ ಕಸಬಿನವರು ನೆಲೆಯೂರಿದರು. ಅಂದಿನ ವೃತ್ತಪತ್ರಿಕೆಗಳಲ್ಲಿ ಅವರ ಜಾಹೀರಾತುಗಳು ಕಾಣುತ್ತವೆ. ‘ಲಂಡನ್ನಿನಿಂದ ಬಂದವನು’ ಎಂಬ ಬಿರುದನ್ನು ಹೆಸರಿಗೆ ಸೇರಿಸಿಕೊಳ್ಳುವುದು ಅವರಿಗೆ ವಾಡಿಕೆ. ಬಟ್ಟೆ, ಕಡ್ಡಿ, ನಮೂನೆ, ಕೊನೆಗೆ ಕಸಬುದಾರನ ಕೀರ್ತಿ ಕೂಡ ಆಮದಿನ ಸರಕೇ ಆಗಿದ್ದಿತು.

ಕಸಬಿನ ಒಳವ್ಯವಸ್ಥೆಯನ್ನು ತಿಳಿಯಲು ಕ್ಯಾಂಪ್‌ಬೆಲ್ ಎಂಬುವನ ‘ಲಂಡನ್ ಟ್ರೇಡ್ಸ್‌ಮನ್’ ಎಂಬ ೧೭೪೭ರ ಗ್ರಂಥವೂ, ಫ್ರಾನ್ಸಿನಲ್ಲಿ ಗಾರ್ಸೋ ಎಂಬುವನು ೧೭೬೯ರಲ್ಲಿ ಪ್ರಕಟಿಸಿದ ಸಿಂಪಿಗರ ವಿದ್ಯೆಯ ಗ್ರಂಥವೂ ಸಹಾಯಕವಾಗಿವೆ. ಫ್ರಾನ್ಸಿನಲ್ಲಿ ೧೬೭೫ರ ರಾಜಾಜ್ಞೆಯು ಹೊಲಿಗೆಯ ಹೆಂಗಸರಿಗೆ ತಮ್ಮದೇ ಸಂಘವನ್ನು ಕೊಟ್ಟಾಗಲೂ ಬಿಗಿಕುಪ್ಪಸದ ಹಕ್ಕು ಗಂಡಸರ ಕೈಯಲ್ಲಿಯೇ ಉಳಿಯಿತು. ಇಂಗ್ಲೆಂಡಿನಲ್ಲಿಯೂ ಯಜಮಾನನು ಬಹುಮಟ್ಟಿಗೆ ಪುರುಷನೇ. ಅಳತೆ, ಕತ್ತರಿಕೆ, ಕಡ್ಡಿ ತೂರಿಸುವಿಕೆ ಇವು ಅವನ ಪಾಲು. ಸೂಜಿಯನ್ನು ಪ್ರತಿಸಲವೂ ಒಂದು ಹೆಜ್ಜೆ ಹಿಂದಕ್ಕೆ ತಂದು, ಬಿರುಸಾದ ಪದರಗಳ ಮೂಲಕ ಎಳೆದು, ನೂರಾರು ಸಾಲುಗಳನ್ನು ಹೊಲಿಯುವುದು ಹೆಂಗಸರ ಪಾಲು. ಅವರ ಕೂಲಿಯೂ ಅತ್ಯಲ್ಪ. ಕಸಬು ಹೆಂಗಸರಿಗೆ ಮೀರಿದ ಬಲವನ್ನು ಬೇಡುತ್ತದೆ ಎಂಬುದು ಕ್ಯಾಂಪ್‌ಬೆಲ್ಲನ ವಾದ. ಆ ಹೊಲಿಗೆಯ ಶ್ರಮವನ್ನು ನೆನೆದರೆ ಈ ವಾದವು ಹಾಸ್ಯಾಸ್ಪದವಾಗಿ ತೋರುತ್ತದೆ.

ತೊಡುತ್ತಿದ್ದವರು ಸಿರಿವಂತರು ಮಾತ್ರವೆಂದು ತಿಳಿಯುವುದೂ ಸರಿಯಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವುವು ಹೆಚ್ಚಾಗಿ ರೇಷ್ಮೆಯವು, ಚೆಲುವಾದವು, ಕಡಮೆ ಬಳಸಿದವು. ಬಡವರ ಕುಪ್ಪಸ ಚಿಂದಿಯಾಗುವವರೆಗೆ ಮೈಮೇಲೆ ಇದ್ದು ಹೋಯಿತು. ಆದರೆ ಅದರ ಸಾಕ್ಷ್ಯವು ಅನಿರೀಕ್ಷಿತವಾದ ಕಡೆಯಲ್ಲಿ, ಅದೂ ಕಠೋರವಾದ ರೂಪದಲ್ಲಿ, ಉಳಿದಿದೆ. ಕರಾರಿನ ಮೇಲೆ ದುಡಿಯುವ ಆಳುಗಳೂ ಗುಲಾಮರೂ ತಪ್ಪಿಸಿಕೊಂಡು ಓಡಿಹೋದಾಗ, ಹಿಡಿದುಕೊಟ್ಟವರಿಗೆ ಬಹುಮಾನವುಂಟೆಂದು ಒಡೆಯರು ‘ವರ್ಜೀನಿಯ ಗೆಜೆಟ್’, ‘ಪೆನ್ಸಿಲ್ವೇನಿಯ ಗೆಜೆಟ್’ ಮೊದಲಾದ ಪತ್ರಿಕೆಗಳಲ್ಲಿ ಪ್ರಕಟಿಸುತ್ತಿದ್ದರು. ಗುರುತಿಗಾಗಿ ಮೈಮೇಲಿನ ಬಟ್ಟೆಯನ್ನು ಒಂದೊಂದಾಗಿ ಹೇಳುವ ಆ ಪ್ರಕಟಣೆಗಳಲ್ಲಿ ಹೆಂಗಸರ ಬಿಗಿಕುಪ್ಪಸವೂ ಸೇರಿರುವುದು ಅಪೂರ್ವವಲ್ಲ. ಓಡಿಹೋದ ಗಂಡಸರಲ್ಲಿ ಬಿಗಿಕುಪ್ಪಸದ ಕಸಬು ಬಲ್ಲ ಕರಾರಿನ ಆಳುಗಳೂ ಇದ್ದರು. ದುಡಿಯುವ ಹೆಂಗಸಿಗೆ ಅದು ಭಾರವೆತ್ತುವಾಗ ಬೆನ್ನಿಗೆ ಆಸರೆ; ಸಮಾಜದ ಕಣ್ಣಿನಲ್ಲಿ ಮರ್ಯಾದೆಯ ಕುರುಹು. ಅದಿಲ್ಲದೆ ಬೀದಿಗೆ ಬರುವವಳ ನಡತೆಯನ್ನು ಕುರಿತು ಜನ ಮಾತಾಡುತ್ತಿದ್ದರು. ಕುಪ್ಪಸದ ಸಡಿಲಿಕೆಯನ್ನು ಶೀಲದ ಸಡಿಲಿಕೆಗೆ ಸಂಕೇತವಾಗಿ ಬಳಸುವ ಕವಿಸಮಯವು ಇದರ ಮೇಲೆ ನಿಂತುದು.

೧೭೭೪ರಲ್ಲಿ ಫಿಲಡೆಲ್ಫಿಯದಲ್ಲಿ ಕೂಡಿದ ವಸಾಹತುಗಳ ಕಾಂಗ್ರೆಸ್ಸು, ಆ ವರ್ಷದ ಡಿಸೆಂಬರ್ ೧ರಿಂದ ಬ್ರಿಟನ್ನಿನ ಯಾವ ಸರಕನ್ನೂ ತರಿಸಕೂಡದೆಂದು ನಿರ್ಣಯಿಸಿತು. ಕಡ್ಡಿ, ಬಟ್ಟೆ, ಸಿದ್ಧವಾದ ಕುಪ್ಪಸ ಎಲ್ಲಕ್ಕೂ ಈ ನಿರ್ಣಯವು ತಗಲಿತು. ಅದು ಜಾರಿಗೆ ಬರುವ ಹಿಂದಿನ ದಿನ, ನವೆಂಬರ್ ೩೦ರಂದು, ಅದೇ ಪಟ್ಟಣಕ್ಕೆ ಹಡಗಿನಲ್ಲಿ ಬಂದಿಳಿದವನು ಬಿಗಿಕುಪ್ಪಸದ ಕಸಬಿನಲ್ಲಿ ಪಳಗಿದ ಥಾಮಸ್ ಪೇನ್. ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬಲ್ಲಿ ೧೭೩೭ರಲ್ಲಿ ಹುಟ್ಟಿದ ಅವನು ತಂದೆಯ ಕೈಕೆಳಗೆ ಈ ವಿದ್ಯೆಯನ್ನು ಕಲಿತು, ಲಂಡನ್ನಿನಲ್ಲಿಯೂ ಡೋವರಿನಲ್ಲಿಯೂ ಕೂಲಿಗೆ ದುಡಿದು, ೧೭೫೯ರಲ್ಲಿ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಸ್ವಂತ ಅಂಗಡಿಯನ್ನಿಟ್ಟು ನಷ್ಟಪಟ್ಟಿದ್ದನು. ಆಮೇಲೆ ಸುಂಕದ ನೌಕರಿ; ಅದೂ ಹೋಯಿತು. ಅವನು ಮಾಡುತ್ತಿದ್ದುದು ಹಡಗಿನ ಹಗ್ಗಗಳನ್ನೆಂದು, ‘ಸ್ಟೇ’ ಶಬ್ದಕ್ಕಿರುವ ನೌಕಾರ್ಥವನ್ನು ಹಿಡಿದು ಕೆಲವರು ವಾದಿಸಿರುವುದುಂಟು. ಥೆಟ್‌ಫರ್ಡ್ ಸಮುದ್ರದಿಂದ ದೂರದ ಒಳನಾಡಿನ ಊರಾದುದರಿಂದ ಈ ವಾದಕ್ಕೆ ಬಲ ಸಾಲದು. ಹೆಂಗಸರ ಕುಪ್ಪಸದ ಕಸಬು ದೊಡ್ಡ ಮನುಷ್ಯನಿಗೆ ಒಪ್ಪದೆಂಬ ಸಂಕೋಚವೇ ಇದರ ಹಿಂದಿರುವಂತೆ ತೋರುತ್ತದೆ.

ಅವನು ೧೭೭೬ರ ಜನವರಿಯಲ್ಲಿ ಪ್ರಕಟಿಸಿದ ‘ಕಾಮನ್ ಸೆನ್ಸ್’ ವಸಾಹತುಗಳು ಬ್ರಿಟನ್ನಿನಿಂದ ಬೇರೆಯಾಗಬೇಕೆಂಬುದನ್ನು ಸಾಮಾನ್ಯರ ಭಾಷೆಯಲ್ಲಿ ಸಾಧಿಸಿತು. ವಿರೋಧಿಗಳಾದರೋ ಅವನ ಹಳೆಯ ಕಸಬನ್ನು ಮರೆಯಗೊಡಲಿಲ್ಲ. ‘ರೈಟ್ಸ್ ಆಫ್ ಮ್ಯಾನ್’ ಹೊರಟ ಮೇಲೆ, ೧೭೯೩ರ ಜನವರಿಯಲ್ಲಿ, ವ್ಯಂಗ್ಯಚಿತ್ರಕಾರ ಗಿಲ್ರೇ ಬರೆದ ಚಿತ್ರದಲ್ಲಿ ಬ್ರಿಟಾನಿಯಾ ದೇವಿ ಓಕ್ ಮರವನ್ನು ಅಪ್ಪಿಕೊಂಡು ನಿಂತಿದ್ದಾಳೆ. ಪೇನನು ಅವಳ ಹಿಂಭಾಗಕ್ಕೆ ಕಾಲನ್ನು ಒತ್ತಿ ಬಿಗಿಕುಪ್ಪಸದ ಲಾಡಿಯನ್ನು ಎಳೆಯುತ್ತಿದ್ದಾನೆ. ಥೆಟ್‌ಫರ್ಡಿನ ಕುಪ್ಪಸಗಾರನೆಂಬ ಹಲಗೆ ಹಿಂದಿನ ಗುಡಿಸಿಲ ಮೇಲೆ ತೂಗುತ್ತಿದೆ. ಪ್ಯಾರಿಸ್ಸಿನ ಹೊಸ ನಮೂನೆಗಳು ದೊರೆಯುವುವೆಂದು ಅದರ ಮೇಲೆ ಬರೆದಿದೆ. ಚಿತ್ರದ ತಲೆಬರಹದಲ್ಲಿರುವ ‘ಕಾನ್‌ಸ್ಟಿಟ್ಯೂಷನ್’ ಎಂಬುದು ಶ್ಲೇಷೆ: ದೇಹಪ್ರಕೃತಿ ಎಂದೂ ಆಗುತ್ತದೆ, ರಾಜ್ಯಾಂಗವೆಂದೂ ಆಗುತ್ತದೆ.