ಇದ್ದಲ್ಲೇ ಇರುವ ನಿಧಿ: ದಂಡಿನಶಿವರದ ಸುತ್ತ ಒಂದು ದಿನ

ಕೈರೋ ನಗರಕ್ಕೆ ಹೋದವರಿಗೆ ಪ್ರಾಚೀನ ಈಜಿಪ್ಟನ್ನು ಒಂದೇ ದಿನದಲ್ಲಿ ಪರಿಚಯಿಸುವ ಕ್ರಮವೊಂದು ರೂಢಿಯಲ್ಲಿದೆ. ಬೆಳಿಗ್ಗೆ ಗೀಜಾದ ಪಿರಮಿಡ್ಡುಗಳು, ಆಮೇಲೆ ಸಕ್ಕಾರದಲ್ಲಿರುವ ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್, ಮಧ್ಯಾಹ್ನದ ಮೇಲೆ ವಸ್ತುಸಂಗ್ರಹಾಲಯ. ದಿನವಿಡೀ ಜೊತೆಗೆ ಒಬ್ಬ ಮಾರ್ಗದರ್ಶಿ. ಈ ಏರ್ಪಾಟಿನ ಬೆನ್ನೆಲುಬು ಆ ಮಾರ್ಗದರ್ಶಿಯೇ. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಚಿತ್ರಲಿಪಿಯನ್ನು ಓದುವ ಬಗೆ ಕಂಡುಕೊಳ್ಳುವವರೆಗೆ ಈಜಿಪ್ಟಿನ ಕಲ್ಲುಗಳು ಜಗತ್ತಿಗೆ ಬರೀ ಬೆರಗಾಗಿದ್ದವು. ಓದಲು ಬಂದ ಮೇಲೆ ಅವು ಚರಿತ್ರೆಯಾದವು. ಆ ಓದನ್ನು ಸಾಮಾನ್ಯ ನೋಡುಗನವರೆಗೆ ತಲುಪಿಸುವ ಕೆಲಸ ಮಾರ್ಗದರ್ಶಿಯದು. ನಮ್ಮ ತೆಂಗಿನ ಸೀಮೆಗೂ ಇಂಥದೊಂದು ದಿನ ಬೇಕು. ಅದಕ್ಕೆ ಬೇಕಾದ ಸರಕೆಲ್ಲ ಇಲ್ಲಿದೆ, ಓದಿ ಹೇಳುವವರು ಮಾತ್ರ ಸಾಲದು.

ದಂಡಿನಶಿವರವನ್ನು ನಡುವೆ ಇಟ್ಟುಕೊಂಡು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮೇಲೆ ಒಂದು ಸುತ್ತು ಹಾಕಿದರೆ ಸರಕು ಏನೆಂದು ತಿಳಿಯುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ಯೋಗಮಾಧವನ ಗುಡಿಯಿದೆ. 1261ರಲ್ಲಿ ಗೋಪಾಲ ದಂಡನಾಯಕ ಕಟ್ಟಿಸಿದ್ದು. ಸಾಮಾನ್ಯವಾಗಿ ನಿಂತಿರುವ ವಿಷ್ಣು ಇಲ್ಲಿ ಯೋಗಿಯಾಗಿ ಕುಳಿತಿದ್ದಾನೆ. ತಿಪಟೂರು ತಾಲ್ಲೂಕಿನ ಅರಳುಗುಪ್ಪೆಯಲ್ಲಿ ಎರಡು ಕಾಲಗಳ ಎರಡು ಗುಡಿಗಳಿವೆ: 9ನೇ ಶತಮಾನದ, ಗಂಗ–ನೊಳಂಬರ ಕಾಲದ ಕಲ್ಲೇಶ್ವರ, ಮತ್ತು ಸುಮಾರು 1250ರ ಹೊಯ್ಸಳ ಚೆನ್ನಕೇಶವ. ನೊಣವಿನಕೆರೆಯ ಕಡೆ ಹೋದರೆ ವಿಘ್ನಸಂತೆಯ ಲಕ್ಷ್ಮೀನರಸಿಂಹ. ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ಸೇನಾನಿ ಸಹೋದರರು 1286ರಲ್ಲಿ ಕಟ್ಟಿಸಿದ ತ್ರಿಕೂಟ. ತುರುವೇಕೆರೆಯಲ್ಲಿ 1263ರ ಚೆನ್ನಿಗರಾಯ, ಮೂಲೆ ಶಂಕರೇಶ್ವರ, ಮತ್ತು ನುಣುಪಾದ ಕರಿಕಲ್ಲಿನ ದೊಡ್ಡ ಬಸವನಿರುವ ಗಂಗಾಧರೇಶ್ವರ. ಹೊತ್ತು ಮಿಕ್ಕರೆ ಪಶ್ಚಿಮಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. ಅಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿ. ಇವನ್ನು ಕಟ್ಟಿಸಿದವರಲ್ಲಿ ಬಹಳ ಮಂದಿ ದಂಡನಾಯಕರು ಎಂಬುದನ್ನು ಗಮನಿಸಬೇಕು. ಹೆಸರಿನಲ್ಲೇ ದಂಡನ್ನು ಹೊತ್ತಿರುವ ಊರಿನಿಂದ ಈ ಸುತ್ತು ಶುರುವಾಗುವುದು ಸರಿಯಾಗಿಯೇ ಇದೆ.

ಈಜಿಪ್ಟಿಗೂ ನಮಗೂ ಇರುವ ಮುಖ್ಯ ವ್ಯತ್ಯಾಸದ ಮೇಲೆಯೇ ನನ್ನ ವಾದ ನಿಂತಿದೆ. ಅಲ್ಲಿ ಕಟ್ಟಡ ಒಂದು ಕಡೆ, ಅದರೊಳಗಿದ್ದ ಸಂಪತ್ತು ಇನ್ನೊಂದು ಕಡೆ. 1922ರಲ್ಲಿ ಹೊವಾರ್ಡ್ ಕಾರ್ಟರ್ ತೆರೆದ ಟುಟಾಂಖಾಮನ್ ಸಮಾಧಿ ದಕ್ಷಿಣದ ಲಕ್ಸರ್‌ನಲ್ಲಿದೆ. ಅಲ್ಲಿ ಸಿಕ್ಕ 5,000ಕ್ಕೂ ಹೆಚ್ಚು ವಸ್ತುಗಳಿಗೆ ನೂರಾರು ಕಿಲೋಮೀಟರ್ ದೂರದ ಗೀಜಾದಲ್ಲಿ, 2025ರಲ್ಲಿ ಪೂರ್ತಿಯಾಗಿ ತೆರೆದ ಹೊಸ ಸಂಗ್ರಹಾಲಯದಲ್ಲಿ ಜಾಗ ಮಾಡಲಾಗಿದೆ. ಹಾಗಾಗಿ ಅಲ್ಲಿಯ ಮಾರ್ಗದರ್ಶಿ ಎರಡು ತುಂಡುಗಳನ್ನು ಮಾತಿನಲ್ಲಿ ಜೋಡಿಸಬೇಕಾಗುತ್ತದೆ. ನಮ್ಮಲ್ಲಿ ಆ ತುಂಡಾಗುವಿಕೆ ಆಗಿಲ್ಲ. ಅರಳುಗುಪ್ಪೆಯ ಕಲ್ಲೇಶ್ವರದ ಒಳಛಾವಣಿಯನ್ನೇ ನೋಡಿ. ನಡುವೆ ಶಿವ ಕುಣಿಯುತ್ತಿದ್ದಾನೆ. ಸುತ್ತಲೂ ಎಂಟು ದಿಕ್ಪಾಲಕರು ತಮ್ಮ ತಮ್ಮ ವಾಹನಗಳ ಮೇಲಿದ್ದಾರೆ. ಇಂದ್ರನಿಗೆ ಪೂರ್ವ, ಯಮನಿಗೆ ದಕ್ಷಿಣ, ವರುಣನಿಗೆ ಪಶ್ಚಿಮ, ಕುಬೇರನಿಗೆ ಉತ್ತರ. ಆ ಶಿಲ್ಪದ ಅರ್ಥ ಕೆಳಗೆ ನಿಂತವನ ದಿಕ್ಕಿನ ಅರಿವನ್ನು ಅವಲಂಬಿಸಿದೆ. ಕಳಚಿ ಒಯ್ದು ಗೋಡೆಗೆ ಒರಗಿಸಿದರೆ ಒಂಬತ್ತು ಚೆಲುವಾದ ಬಿಂಬಗಳು ಉಳಿದಾವು, ಛಾವಣಿ ಹೇಳುತ್ತಿದ್ದ ಮಾತು ಉಳಿಯದು. ಹೊಯ್ಸಳರ ನಕ್ಷತ್ರಾಕಾರದ ಗುಡಿಗಳೂ ಹಾಗೆಯೇ. ಪ್ರದಕ್ಷಿಣೆ ಬರುವವನ ಹೆಜ್ಜೆಗೆ ತಕ್ಕಂತೆ ಕೋನಗಳು ತೆರೆದುಕೊಳ್ಳುತ್ತವೆ, ಒಂದು ಮೂರ್ತಿ ಮರೆಯಾಗಿ ಇನ್ನೊಂದು ಎದುರಾಗುತ್ತದೆ. ಆ ಗೋಡೆಯನ್ನು ಸುತ್ತಿಯೇ ಓದಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ: ಬೇಲೂರು, ಹಳೇಬೀಡು, ಸೋಮನಾಥಪುರ ಇರುವಾಗ ಈ ಸಣ್ಣ ಗುಡಿಗಳನ್ನು ನೋಡಲು ಯಾರು ಬರುತ್ತಾರೆ? ಆ ಮೂರೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅವುಗಳ ಹಿರಿಮೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಸೋಮನಾಥಪುರದ ಗುಡಿ ಮುಗಿದದ್ದು ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ. ಶೆಟ್ಟಿಕೆರೆ, ತುರುವೇಕೆರೆ, ವಿಘ್ನಸಂತೆ ಮೂರೂ ಅದೇ ದೊರೆಯ ಕಾಲದವು, 25 ವರ್ಷಗಳ ಅಂತರದೊಳಗೆ ಎದ್ದವು. ನುಗ್ಗೇಹಳ್ಳಿಯ ಮೂರ್ತಿಗಳನ್ನು ಕಡೆದ ಮಲ್ಲಿತಮ್ಮ ಸೋಮನಾಥಪುರದಲ್ಲೂ ಉಳಿ ಹಿಡಿದವನು. ಅಂದರೆ ಕೈ ಅದೇ, ಕಾಲ ಅದೇ, ಬಳಪದ ಕಲ್ಲಿನ ಕಸುಬೂ ಅದೇ. ರಾಜಧಾನಿಯೊಂದನ್ನೇ ನೋಡಿದವರಿಗೆ ಅರಸರ ವೈಭವ ಕಾಣುತ್ತದೆ. ಆ ಕಲೆ ಕೆರೆಬಯಲಿನ ಹಳ್ಳಿಗಳವರೆಗೆ ಹರಿದು ಬಂದದ್ದು ಈ ಸುತ್ತಿನಲ್ಲಿ ಮಾತ್ರ ಕಾಣುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹಳ್ಳಿಯ ಗುಡಿಗಳಲ್ಲಿ ಕಳವು, ಮಳೆ, ಸುಣ್ಣ, ಎಣ್ಣೆ ಎಲ್ಲದರ ಭಯವಿದೆ. ಒಳ್ಳೆಯದನ್ನೆಲ್ಲ ಸಂಗ್ರಹಾಲಯಕ್ಕೆ ಸಾಗಿಸುವುದೇ ಕ್ಷೇಮವಲ್ಲವೇ? ಸಂಗ್ರಹಾಲಯದ ಉಪಕಾರ ದೊಡ್ಡದು. 1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಇಲ್ಲದಿದ್ದರೆ ಆತಕೂರಿನ 10ನೇ ಶತಮಾನದ ಶಾಸನ ಇಂದು ಯಾವ ಸ್ಥಿತಿಯಲ್ಲಿರುತ್ತಿತ್ತೋ! ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತ ಆ ಕಲ್ಲನ್ನು ಇಂದು ಯಾರು ಬೇಕಾದರೂ ನೋಡಬಹುದು. ಹಾಗಿದ್ದರೂ ಆತಕೂರಿನ ಮಗು ತನ್ನೂರಿನ ಕಲ್ಲನ್ನು ನೋಡಲು ಬೆಂಗಳೂರಿಗೇ ಬರಬೇಕು. ಬಿದ್ದುಹೋದ, ದಿಕ್ಕಿಲ್ಲದ ಕಲ್ಲಿಗೆ ಸಂಗ್ರಹಾಲಯ ಆಸರೆ. ನಿಂತಿರುವ ಗುಡಿಗೆ ಆಸರೆ ಅದನ್ನು ಬಲ್ಲ ಊರು. ಬೆಲೆ ಗೊತ್ತಿರುವ ಜನ ಶಿಲ್ಪಕ್ಕೆ ಸುಣ್ಣ ಬಳಿಯಲು ಬಿಡುವುದಿಲ್ಲ, ಸೋರುವ ಛಾವಣಿಯನ್ನು ಕಂಡೂ ಸುಮ್ಮನಿರುವುದಿಲ್ಲ.

ಮೂರನೆಯ ಮಾತು ಊರಿನವರದೇ: ಇವು ಪೂಜೆ ನಡೆಯುವ ಗುಡಿಗಳು, ಪ್ರೇಕ್ಷಣೀಯ ಸ್ಥಳಗಳಲ್ಲ. ಇದನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಈಜಿಪ್ಟಿನ ಫಿಲೆ ದೇಗುಲದಲ್ಲಿ ಕ್ರಿ.ಶ. 394ರಲ್ಲಿ ಕೆತ್ತಿದ ಸಾಲುಗಳೇ ಈಗ ತಿಳಿದಿರುವ ಕೊನೆಯ ಚಿತ್ರಲಿಪಿ ಬರಹ; ಆಮೇಲೆ ಆ ದೇವರುಗಳಿಗೆ ದೀಪ ಹಚ್ಚುವವರೂ ಇಲ್ಲವಾದರು. ನಮ್ಮಲ್ಲಿ ದೀಪ ಇನ್ನೂ ಉರಿಯುತ್ತಿದೆ, ಬೀಗದ ಕೈ ಅರ್ಚಕರ ಸೊಂಟದಲ್ಲಿದೆ. ಆದ್ದರಿಂದ ಇಲ್ಲಿಯ ಮಾರ್ಗದರ್ಶನ ಪೂಜೆಯ ಹೊತ್ತಿಗೆ ಹೊಂದಿಕೊಂಡು ನಡೆಯಬೇಕು, ಗುಂಪು ಚಿಕ್ಕದಿರಬೇಕು, ಗರ್ಭಗುಡಿಯ ಮಾತು ಅರ್ಚಕರಿಗೇ ಸೇರಬೇಕು. ಹೊರಗೋಡೆಯನ್ನು ಓದುವುದರಿಂದ ಒಳಗಿನ ಭಕ್ತಿಗೆ ಕುಂದಾಗದು. ಕೈಮುಗಿಯುವ ಮೂರ್ತಿಯನ್ನು ಕಡೆದವನ ಹೆಸರು ತಿಳಿದರೆ ಕೈಮುಗಿಯುವವನಿಗೆ ನಷ್ಟವೇನು?

ಹೆಸರಿನ ವಿಚಾರದಲ್ಲಿ ಮಾರ್ಗದರ್ಶಿಯ ಹೊಣೆ ದೊಡ್ಡದು. ತುಮಕೂರಿನ ಪಕ್ಕದ ಕೈದಾಳ ಜಕಣಾಚಾರಿಯ ಕಥೆಗೆ ಹೆಸರಾದ ಊರು. ಈ ಭಾಗದಲ್ಲಿ ಯಾವ ಹಳೆಯ ಗುಡಿ ಕಂಡರೂ ಜಕಣಾಚಾರಿ ಕಟ್ಟಿದ್ದು ಎನ್ನುವ ರೂಢಿಯಿದೆ. ಕಥೆ ಚೆಂದದ್ದು, ಹೇಳಲೇಬೇಕು. ಅದರ ಜೊತೆಗೆ ಕಲ್ಲೇ ಹೇಳುವ ಹೆಸರುಗಳನ್ನೂ ಹೇಳಬೇಕು: ನುಗ್ಗೇಹಳ್ಳಿಯ ಬೈಚೋಜ, ಮಲ್ಲಿತಮ್ಮ, ಅರಳುಗುಪ್ಪೆಯ ಹೊನ್ನೋಜ. ದಂತಕಥೆಯ ಒಬ್ಬ ಶಿಲ್ಪಿಯ ನೆರಳಿನಲ್ಲಿ, ತಮ್ಮ ಹೆಸರನ್ನು ತಾವೇ ಕೆತ್ತಿಟ್ಟ ನಿಜದ ಶಿಲ್ಪಿಗಳು ಮರೆಯಾಗಬಾರದು. ಇದಕ್ಕೆ ಆಧಾರ ಹುಡುಕಿ ಅಲೆಯಬೇಕಿಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲೇ ಪ್ರಕಟಿಸಿದರು. ಅವರ ನಂತರ ಆರ್. ನರಸಿಂಹಾಚಾರ್ ಮೈಸೂರು ಪುರಾತತ್ವ ಇಲಾಖೆಯ ಪರವಾಗಿ ಸಂಸ್ಥಾನದ ಗುಡಿಗಳನ್ನು ಪರಿಶೀಲಿಸಿ ವರದಿ ಬರೆದರು. ಓದು ನಡೆದು ನೂರು ವರ್ಷ ದಾಟಿತು. ಅದು ಗ್ರಂಥಾಲಯದಿಂದ ಗುಡಿಯ ಅಂಗಳಕ್ಕೆ ಇನ್ನೂ ಬರಬೇಕಾಗಿದೆ.

ಹಾಗೆ ತರಲು ದೊಡ್ಡ ಕಟ್ಟಡವಾಗಲಿ ದೂರದ ಪ್ರವಾಸಿಗರಾಗಲಿ ಮೊದಲ ಅಗತ್ಯವಲ್ಲ. ಈ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ ಓದುವ ಹುಡುಗ ಹುಡುಗಿಯರು ಊರಿಗೆ ಇಬ್ಬರಂತೆ ತಮ್ಮ ಗುಡಿಯ ಶಾಸನವನ್ನು ಓದಿ ಹೇಳಲು ಕಲಿತರೆ ಸಾಕು. ಅವರ ಮುಂದೆ ಮೊದಲು ನಿಲ್ಲಬೇಕಾದವರು ಸುತ್ತಲಿನ ಶಾಲೆಗಳ ಮಕ್ಕಳು. ಅಟ್ಟದ ಮೇಲಿನ ಕಾಯಿಯನ್ನು ಚಿಪ್ಪೊಡೆಯದೆ ಅಲ್ಲಾಡಿಸಿ, ಸದ್ದಿನಿಂದಲೇ ಕೊಬ್ಬರಿಯ ಹದ ಹೇಳುವ ಸೀಮೆ ಇದು. ಆ ಕಿವಿಯನ್ನು ಹಿರಿಯರು ಮಕ್ಕಳಿಗೆ ಕಾಯಿಯ ಮುಂದೆಯೇ ಕೂರಿಸಿ ಕಲಿಸಿದರು. ಕಲ್ಲಿನ ಓದನ್ನೂ ಹಾಗೆಯೇ, ಕಲ್ಲಿನ ಮುಂದೆ ನಿಲ್ಲಿಸಿ ಕಲಿಸಬೇಕು.