ಗ್ರಂಥಪಾಲರಿಗೊಂದು ಕಮ್ಮಟ

ಗೋಪಾಲನೆಂದರೆ ಗೋವುಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿ ಬಾಗಿಲಿಗೆ ಅಗಳಿ ಹಾಕಿ ಕುಳಿತವನಲ್ಲ. ಅವುಗಳನ್ನು ಹಸುರಿದ್ದಲ್ಲಿಗೆ ಕರೆದೊಯ್ದು, ಸಂಜೆಗೆ ಲೆಕ್ಕ ತಪ್ಪದಂತೆ ಮನೆಗೆ ತರುವವನು. ಗ್ರಂಥಪಾಲ ಎಂಬ ಪದದಲ್ಲಿರುವುದೂ ಅದೇ ‘ಪಾಲ’ ಶಬ್ದ. ಆದರೆ ರೂಢಿಯಲ್ಲಿ ನಾವು ಆತನನ್ನು ಪುಸ್ತಕಗಳ ಕಾವಲುಗಾರನೆಂದೇ ಎಣಿಸಿದ್ದೇವೆ. ಪುಸ್ತಕ ಕಳೆಯಬಾರದು, ಹರಿಯಬಾರದು, ವರ್ಷಾಂತ್ಯದ ತಪಾಸಣೆಯಲ್ಲಿ ಲೆಕ್ಕ ತಪ್ಪಬಾರದು; ಇಷ್ಟಾದರೆ ಆತನ ಕರ್ತವ್ಯ ಮುಗಿಯಿತೆಂದು ನಾವೂ ನಂಬಿದ್ದೇವೆ, ಎಷ್ಟೋ ವೇಳೆ ಆತನೂ ನಂಬಿದ್ದಾನೆ. ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು, ದಿನಾಂಕದ ಮುದ್ರೆ ಒತ್ತುವುದು, ಇಷ್ಟಕ್ಕೆ ಶಿಕ್ಷಣವೇಕೆ? ಕೆಲಸಕ್ಕೆ ಸೇರಿ ಹತ್ತು ವರ್ಷ ಕಳೆದವರಿಗೆ ಮತ್ತೊಂದು ಕಮ್ಮಟವೇಕೆ? ಈ ಪ್ರಶ್ನೆಗಳು ಹುಟ್ಟುವುದು ಆ ನಂಬಿಕೆಯಿಂದಲೇ.

ಗ್ರಂಥಾಲಯದ ಕೆಲಸ ಕಲಿಸಬೇಕಾದ ಮತ್ತು ಕಲಿಯಬೇಕಾದ ವಿದ್ಯೆ ಎಂಬ ವಿಚಾರ ನಮ್ಮ ದೇಶಕ್ಕೆ ಹೊಸದೇನಲ್ಲ. ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ತಮ್ಮ ರಾಜ್ಯದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. ಆದರೆ ಶಾಲೆಯಲ್ಲಿ ಕಲಿತ ಅಕ್ಷರ, ಮುಂದೆ ಓದಲು ಪುಸ್ತಕವಿಲ್ಲದಿದ್ದರೆ, ನಾಲ್ಕಾರು ವರ್ಷಗಳಲ್ಲಿ ಮರೆತುಹೋಗುತ್ತದೆ. ಬಿತ್ತಿದ್ದು ಒಣಗದಿರಲು ನೀರು ಬೇಕು. ಅದಕ್ಕಾಗಿ ಮಹಾರಾಜರು 1910ರಲ್ಲಿ ಅಮೆರಿಕದಿಂದ ವಿಲಿಯಂ ಆಲನ್ಸನ್ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿಕೊಂಡರು. ಬರೋಡಾ ಸಂಸ್ಥಾನದಲ್ಲಿ ಹಳ್ಳಿಹಳ್ಳಿಗೂ ಪುಸ್ತಕದ ಪೆಟ್ಟಿಗೆಗಳು ಸಂಚರಿಸಿದ್ದು ಪ್ರಸಿದ್ಧವಾದ ಸಂಗತಿ. ಆದರೆ ಪುಸ್ತಕ ಕೊಂಡು ಕಟ್ಟಡ ಕಟ್ಟಿದರೆ ಸಾಲದು, ಅವುಗಳನ್ನು ನಡೆಸುವ ಜನ ಬೇಕು ಎಂದರಿತ ಬೋರ್ಡನ್ 1911ರಲ್ಲಿಯೇ ಅಲ್ಲಿ ತರಬೇತಿಯ ತರಗತಿಯನ್ನು ತೆರೆದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನಾಲ್ಕು ವರ್ಷಗಳ ಬಳಿಕ, 1915ರಲ್ಲಿ, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಆಸಾ ಡಾನ್ ಡಿಕಿನ್ಸನ್ ಎಂಬ ಮತ್ತೊಬ್ಬ ಅಮೆರಿಕನ್ನರು ಇಂಥದೇ ಪಾಠ ಆರಂಭಿಸಿದರು. 1929ರಲ್ಲಿ ಮದರಾಸಿನ ಗ್ರಂಥಾಲಯ ಸಂಘ ತನ್ನ ಶಾಲೆಯನ್ನು ತೆರೆಯಿತು. ಅದರ ಹಿಂದಿದ್ದ ಚೇತನ ಶಿಯಾಳಿ ರಾಮಾಮೃತ ರಂಗನಾಥನ್ ಅವರದು.

ರಂಗನಾಥನ್ ಅವರ ಜೀವನವೇ ತರಬೇತಿಯ ಮಹತ್ವಕ್ಕೆ ಒಳ್ಳೆಯ ನಿದರ್ಶನ. ಅವರು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ಬಂದಾಗ ಆ ಮೌನ, ಆ ಏಕಾಂತ ಅವರಿಗೆ ಸಹನೆಯಾಗದೆ, ತಮ್ಮನ್ನು ಮರಳಿ ಪಾಠ ಹೇಳಲು ಕಳುಹಿಸಬೇಕೆಂದು ಕೆಲವೇ ದಿನಗಳಲ್ಲಿ ಕೇಳಿಕೊಂಡರಂತೆ. ಲಂಡನ್ನಿಗೆ ಹೋಗಿ ಕಲಿತು ಬರಲಿ, ಆಮೇಲೆ ನಿರ್ಧರಿಸೋಣವೆಂದು ಹಿರಿಯರು ಹೇಳಿದರು. ಅಲ್ಲಿ ಅವರು ತರಗತಿಗಳಲ್ಲಿ ಕುಳಿತದ್ದಲ್ಲದೆ ಊರೂರಿನ ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಮಕ್ಕಳು, ಕಾರ್ಮಿಕರು, ಗೃಹಿಣಿಯರು ಸಲೀಸಾಗಿ ಬಂದು ಪುಸ್ತಕ ಒಯ್ಯುವುದನ್ನು ಕಂಡರು. ಹಿಂದಿರುಗಿದವರು ಮತ್ತೆ ಗಣಿತದ ತರಗತಿಯ ಮಾತೆತ್ತಲಿಲ್ಲ. ಕೆಲಸ ಮೊದಲು ಯಾವುದಿತ್ತೋ ಅದೇ. ಅದರ ಉದ್ದೇಶವನ್ನು ಕಣ್ಣಾರೆ ಕಂಡದ್ದರಿಂದ ಮನುಷ್ಯ ಬದಲಾದರು. ಒಳ್ಳೆಯ ತರಬೇತಿಯ ಫಲ ಇದಕ್ಕಿಂತ ಹೆಚ್ಚಿನದೇನಿದೆ?

1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಕಂಠಪಾಠ. ಪುಸ್ತಕವಿರುವುದು ಬಳಕೆಗಾಗಿ ಎಂಬುದು ಅವುಗಳಲ್ಲಿ ಮೊದಲನೆಯದು. ಓದುಗನಿಗೆ ತಕ್ಕ ಪುಸ್ತಕ, ಪುಸ್ತಕಕ್ಕೆ ತಕ್ಕ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು ಎಂಬುವು ನಡುವಿನ ಮೂರು. ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ಕಡೆಯದು. ಬೆಳೆಯುವ ಜೀವಿಯನ್ನು ಸಾಕುವವನು ಒಮ್ಮೆ ಕಲಿತದ್ದರಲ್ಲಿಯೇ ನಿಂತುಬಿಡುವಂತಿಲ್ಲ. ಕೆಲಸದಲ್ಲಿರುವವರಿಗೆ ಮತ್ತೆ ಮತ್ತೆ ಕಮ್ಮಟಗಳು ಏಕೆ ಬೇಕೆಂಬ ಪ್ರಶ್ನೆಗೆ ಉತ್ತರ ಈ ಐದನೆಯ ಸೂತ್ರದಲ್ಲಿಯೇ ಅಡಗಿದೆ. ಸಾರ್ವಜನಿಕ ಗ್ರಂಥಾಲಯಗಳನ್ನು ಕುರಿತ ಯುನೆಸ್ಕೋ ಸಂಸ್ಥೆಯ ಘೋಷಣೆಯೂ 1994ರ ತನ್ನ ಪರಿಷ್ಕೃತ ರೂಪದಲ್ಲಿ ಗ್ರಂಥಪಾಲನನ್ನು ಓದುಗನಿಗೂ ಜ್ಞಾನದ ಆಕರಗಳಿಗೂ ನಡುವಣ ಮಧ್ಯವರ್ತಿಯೆಂದು ಕರೆದು, ಆತನ ನಿರಂತರ ಶಿಕ್ಷಣ ಅನಿವಾರ್ಯವೆಂದು ಸಾರಿದೆ.

ಹಾಗಾದರೆ ಕಮ್ಮಟದಲ್ಲಿ ಕಲಿಯಬೇಕಾದದ್ದೇನು? ಮೊದಲನೆಯದು ಓದುಗನ ಪ್ರಶ್ನೆಯನ್ನು ಅರಿಯುವ ಕಲೆ. ಗ್ರಂಥಾಲಯಕ್ಕೆ ಬಂದವನು ತನಗೆ ಬೇಕಾದದ್ದನ್ನೇ ಕೇಳುತ್ತಾನೆಂಬ ಭರವಸೆಯಿಲ್ಲ. “ಕಾನೂನಿನ ಪುಸ್ತಕ ಇದೆಯೇ?” ಎಂದು ಕೇಳಿದ ರೈತನಿಗೆ ಬೇಕಾದದ್ದು ತಂದೆ ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಾಯಿಸಿಕೊಳ್ಳುವ ಕ್ರಮವಿರಬಹುದು. “ಗಾಂಧೀಜಿ ಪುಸ್ತಕ ಕೊಡಿ” ಎಂದ ಬಾಲಕನಿಗೆ ಬೇಕಾದದ್ದು ನಾಳೆಯ ಭಾಷಣ ಸ್ಪರ್ಧೆಗೆ ಎರಡು ಪುಟದ ವಿಷಯ. ಮೊದಲನೆಯವನಿಗೆ ಸಂವಿಧಾನದ ವ್ಯಾಖ್ಯಾನವನ್ನೂ ಎರಡನೆಯವನಿಗೆ ದಪ್ಪ ಆತ್ಮಚರಿತ್ರೆಯನ್ನೂ ಕೊಟ್ಟು ಕಳುಹಿಸಿದರೆ ಲೆಕ್ಕದ ಪುಸ್ತಕದಲ್ಲಿ ಎರಡು ಎರವಲು ದಾಖಲಾಗುತ್ತವೆ. ಇಬ್ಬರೂ ಮತ್ತೆ ಬರುವುದಿಲ್ಲ. ಎದುರಿಗಿದ್ದವನು ಸಂಕೋಚಪಡದಂತೆ, ಅವನ ಗುಟ್ಟನ್ನು ಕೆದಕದಂತೆ, ಇನ್ನೊಂದು ಪ್ರಶ್ನೆಯನ್ನು ಮೆಲ್ಲನೆ ಕೇಳುವುದು ಅಭ್ಯಾಸದಿಂದ ಬರುವ ವಿದ್ಯೆ. ಕಮ್ಮಟದಲ್ಲಿ ಒಬ್ಬರು ಓದುಗರಾಗಿ, ಇನ್ನೊಬ್ಬರು ಗ್ರಂಥಪಾಲರಾಗಿ ಅಭಿನಯಿಸಿ ನೋಡಿದರೆ ಇದು ಭಾಷಣಕ್ಕಿಂತ ಬೇಗ ಮನಸ್ಸಿಗೆ ಹತ್ತುತ್ತದೆ.

ಎರಡನೆಯದು ಸೂಚಿಯ ಕೆಲಸ. ಇದು ಬರಿಯ ಯಾಂತ್ರಿಕ ಕೆಲಸವೆಂದು ಭಾವಿಸುವವರು ಕನ್ನಡ ಲೇಖಕರ ಹೆಸರುಗಳನ್ನು ಒಮ್ಮೆ ಅಕಾರಾದಿಯಾಗಿ ಜೋಡಿಸಿ ನೋಡಬೇಕು. ಕುವೆಂಪು ಎಂದು ‘ಕ’ ಅಕ್ಷರದಲ್ಲಿ ಹುಡುಕುವವನಿಗೆ ಪುಟ್ಟಪ್ಪನವರು ‘ಪ’ದಲ್ಲಿದ್ದರೆ ಸಿಗುವುದೆಂತು? ಅಂಬಿಕಾತನಯದತ್ತರೂ ಬೇಂದ್ರೆಯವರೂ ಒಬ್ಬರೇ. ಶ್ರೀನಿವಾಸರೂ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಒಬ್ಬರೇ. ತ್ರಿವೇಣಿಯವರೂ ಅನಸೂಯಾ ಶಂಕರ್ ಅವರೂ ಒಬ್ಬರೇ. ಬೇಂದ್ರೆ ಎಂಬುದು ಮನೆತನದ ಹೆಸರಾದರೆ ಮಾಸ್ತಿ ಎಂಬುದು ಊರಿನ ಹೆಸರು. ಪಾಶ್ಚಾತ್ಯರ ನಿಯಮದಂತೆ ಕಡೆಯ ಹೆಸರನ್ನು ಮುಂದಕ್ಕೆ ತಂದರೆ ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಒಂದು ಹೆಸರಿನಿಂದ ಇನ್ನೊಂದಕ್ಕೆ ದಾರಿ ತೋರುವ ಚೀಟಿಯೊಂದನ್ನು ಬರೆದಿಟ್ಟರೆ ಓದುಗನಿಗೆ ಅರ್ಧ ಗಂಟೆ ಉಳಿಯಿತು. ಗಣಕಯಂತ್ರ ಬಂದಿರುವ ಈ ದಿನಗಳಲ್ಲಿಯೂ ಆ ಸಂಬಂಧವನ್ನು ಮೊದಲು ಹೇಳಿಕೊಡಬೇಕಾದವರು ಸಾಹಿತ್ಯ ಬಲ್ಲ ಮನುಷ್ಯರೇ.

ಮೂರನೆಯದು ತೆಗೆದುಹಾಕುವ ವಿವೇಕ. ಕಪಾಟು ತುಂಬಿದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಇಪ್ಪತ್ತು ವರ್ಷ ಹಳೆಯ ಪರೀಕ್ಷಾ ಕೈಪಿಡಿ ಹೊಸದಾಗಿ ಕಾಣುತ್ತದೆ, ಆದರೆ ಅದು ಓದುಗನ ದಾರಿ ತಪ್ಪಿಸುತ್ತದೆ. ರಟ್ಟು ಕಿತ್ತುಹೋದ ಊರ ಜಾತ್ರೆಯ ಸ್ಮರಣ ಸಂಚಿಕೆ ರದ್ದಿಯಂತೆ ತೋರುತ್ತದೆ, ಆದರೆ ಅದರ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲದಿರಬಹುದು. ತರಬೇತಿಯಿಲ್ಲದವನು ಇವೆರಡರಲ್ಲಿ ತಪ್ಪಾದದ್ದನ್ನು ಉಳಿಸಿ, ಸರಿಯಾದದ್ದನ್ನು ಹರಾಜಿಗೆ ಹಾಕುವ ಸಂಭವವೇ ಹೆಚ್ಚು. ಹೀಗೆ ಹೋದದ್ದು ಮತ್ತೆ ಬಾರದು.

ಈ ಮಾತುಗಳನ್ನು ನಮ್ಮ ನಾಡಿಗೆ ಅನ್ವಯಿಸಿ ನೋಡೋಣ. ರಂಗನಾಥನ್ ಅವರು ತಮ್ಮ ಜೀವನದ ಕಡೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಪ್ರಲೇಖನದ ಸಂಶೋಧನೆಗೂ ತರಬೇತಿಗೂ ಮೀಸಲಾದ ಕೇಂದ್ರವೊಂದನ್ನು ಅವರು ಇಲ್ಲಿ ಕಟ್ಟಿದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ರೂಪುಗೊಂಡುದರ ಹಿಂದೆಯೂ ಅವರ ಚಿಂತನೆಯಿತ್ತು. ಆ ಅಧಿನಿಯಮದಿಂದ ನಗರಗಳಲ್ಲಿಯೂ ಜಿಲ್ಲೆಗಳಲ್ಲಿಯೂ ಗ್ರಂಥಾಲಯ ಪ್ರಾಧಿಕಾರಗಳು ಏರ್ಪಟ್ಟುವು. ಗ್ರಂಥಾಲಯ ಕರವೂ ಬಂತು. ಕಟ್ಟಡ ತೆರಿಗೆಯ ರಸೀತಿಯನ್ನು ತೆಗೆದು ನೋಡಿದರೆ ಆ ಕರದ ಸಾಲು ಕಾಣುತ್ತದೆ. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಅದರ ವೆಚ್ಚಕ್ಕೆ ಪಾಲು ಕೊಟ್ಟವರೇ.

ಇನ್ನು ಹಳ್ಳಿಗಳ ಸ್ಥಿತಿ. 2019ರಲ್ಲಿ 5,000ಕ್ಕೂ ಮಿಗಿಲಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದುವು. ಮರುವರ್ಷ ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ ಮಕ್ಕಳನ್ನು ಈ ಗ್ರಂಥಾಲಯಗಳಿಗೆ ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಅದುವರೆಗೆ ದಿನಪತ್ರಿಕೆ ಓದಲು ಬರುವ ನಾಲ್ಕು ಮಂದಿ ಹಿರಿಯರನ್ನು ಕಂಡಿದ್ದ ಮೇಲ್ವಿಚಾರಕರ ಮುಂದೆ ಮಕ್ಕಳ ಹಿಂಡೇ ಬಂದು ನಿಂತಿತು. “ಗಲಾಟೆ ಮಾಡಬೇಡಿ, ಪುಸ್ತಕ ಮುಟ್ಟಬೇಡಿ” ಎನ್ನುವುದೊಂದೇ ಅಭ್ಯಾಸವಾಗಿದ್ದ ಬಾಯಿ ಕತೆ ಹೇಳಬೇಕಾಯಿತು. ಅದೇ 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಆರಂಭವಾಯಿತು. ಮೊಬೈಲ್ ಫೋನಿನಲ್ಲಿ ಪುಸ್ತಕ ತೆರೆಯುವುದನ್ನು ಅಜ್ಜನೊಬ್ಬನಿಗೆ ತೋರಿಸಿಕೊಡುವ ಹೊಣೆಯೂ ಮೇಲ್ವಿಚಾರಕರದಾಯಿತು. ಕೆಲಸಕ್ಕೆ ಸೇರುವಾಗ ಯಾರೂ ಹೇಳಿಕೊಡದಿದ್ದ ಈ ಹೊಣೆಗಳನ್ನು ಸುತ್ತೋಲೆಯೊಂದನ್ನು ಕಳುಹಿಸಿ ಹೊರಿಸುವುದು ಸುಲಭ. ಹೊರುವ ಬಲ ಕೊಡುವುದು ತರಬೇತಿ ಮಾತ್ರ.

ಇಷ್ಟೆಲ್ಲ ಸಿಬ್ಬಂದಿಯ ಮಾತಾಯಿತು. ಆದರೆ ಗ್ರಂಥಾಲಯವನ್ನು ಸಿಬ್ಬಂದಿಯೊಬ್ಬರೇ ಉಳಿಸಲಾರರು. ನೆರೆಯ ಕೇರಳದಲ್ಲಿ 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರು 47 ಗ್ರಂಥಾಲಯಗಳನ್ನು ಒಗ್ಗೂಡಿಸಿ ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಅಲ್ಲಿಯ ಗ್ರಂಥಾಲಯಗಳು ಊರಿನವರೇ ಸದಸ್ಯರಾಗಿ, ಊರಿನವರೇ ಆರಿಸಿದ ಸಮಿತಿಗಳಿಂದ ನಡೆಯುವಂಥವು. 1975ರಲ್ಲಿ ಆ ಸಂಘಕ್ಕೆ ಯುನೆಸ್ಕೋ ಸಂಸ್ಥೆಯ ಕ್ರೂಪ್‌ಸ್ಕಾಯಾ ಪ್ರಶಸ್ತಿ ಬಂದುದಕ್ಕೆ ಕಾರಣ ಕೆಲವರ ಪಾಂಡಿತ್ಯವಲ್ಲ, ಸಾವಿರಾರು ಜನರ ಮಮತೆ. ನಮ್ಮ ಊರುಗಳಲ್ಲಿಯೂ ಪುಸ್ತಕಪ್ರೇಮಿಗಳಿಗೆ ಕೊರತೆಯಿಲ್ಲ. ನಿವೃತ್ತ ಅಧ್ಯಾಪಕರಿದ್ದಾರೆ, ಮಹಿಳಾ ಸಮಾಜಗಳಿವೆ, ಸಾಹಿತ್ಯ ಸಂಘಗಳಿವೆ. ಮಮತೆಗೂ ಒಂದಿಷ್ಟು ಶಿಕ್ಷಣ ಬೇಕು. ಮನೆಯಲ್ಲಿ ಬೇಡವಾದ ಹಳೆಯ ಪಠ್ಯಪುಸ್ತಕಗಳ ಮೂಟೆಯನ್ನು ಹೊರಿಸುವುದು ದಾನವಾಗದು. ತನಗೆ ಹಿಡಿಸದ ಪುಸ್ತಕ ಕಪಾಟಿನಲ್ಲಿರಬಾರದೆಂದು ಹಟ ಹಿಡಿಯುವುದು ಸೇವೆಯಾಗದು. ವಸೂಲಾದ ಗ್ರಂಥಾಲಯ ಕರ ಗ್ರಂಥಾಲಯಕ್ಕೆ ತಲುಪಿತೇ, ಪ್ರಾಧಿಕಾರದ ಸಭೆ ನಡೆಯಿತೇ, ಪುಸ್ತಕದ ಆಯ್ಕೆ ಯಾರ ಕೈಯಲ್ಲಿದೆ ಎಂದು ವಿನಯದಿಂದ, ಆದರೆ ಬಿಡದೆ ಕೇಳಲು ಬಲ್ಲವನು ಗ್ರಂಥಾಲಯದ ನಿಜವಾದ ಮಿತ್ರ. ಇಂಥವರನ್ನೂ ಸಿಬ್ಬಂದಿಯೊಡನೆ ಒಂದೇ ಕಮ್ಮಟದಲ್ಲಿ ಕೂರಿಸಿದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯುತ್ತದೆ.

ಕಮ್ಮಟದ ಹೆಸರಿನಲ್ಲಿ ನಡೆಯುವುದೆಲ್ಲ ಕಮ್ಮಟವಲ್ಲ ಎಂಬುದನ್ನೂ ಹೇಳಬೇಕು. ದೀಪ ಬೆಳಗಿಸಿ, ಹಾರ ಹಾಕಿ, ಗ್ರಂಥಾಲಯದ ಒಳಗು ಕಾಣದ ಗಣ್ಯರಿಂದ ಪುಸ್ತಕ ಮಹಿಮೆಯ ಭಾಷಣ ಕೇಳಿಸಿ, ಊಟದ ನಂತರ ಪ್ರಮಾಣಪತ್ರ ಹಂಚಿ ಕಳುಹಿಸಿದರೆ ಹೋದವರು ಹೋದಂತೆಯೇ ಹಿಂದಿರುಗುತ್ತಾರೆ. ಕಮ್ಮಟ ಎಂಬ ಪದಕ್ಕೆ ಹಳೆಯ ಅರ್ಥ ಟಂಕಸಾಲೆ ಎಂದು. ಅಲ್ಲಿಗೆ ಹೋದ ಲೋಹ ಬೆಂಕಿ ಕಂಡು, ಅಚ್ಚಿಗೆ ಸಿಕ್ಕು, ಚಲಾವಣೆಗೆ ತಕ್ಕ ನಾಣ್ಯವಾಗಿ ಹೊರಬರಬೇಕು. ಅಂತೆಯೇ ನಿಜವಾದ ಕಮ್ಮಟ ಗ್ರಂಥಾಲಯವೊಂದರಲ್ಲಿಯೇ ನಡೆಯಬೇಕು. ಚೆನ್ನಾಗಿ ನಡೆಸಿದ ಮೇಲ್ವಿಚಾರಕರೇ ಅಲ್ಲಿ ಉಪಾಧ್ಯಾಯರಾಗಬೇಕು. ಹರಿದ ಪುಸ್ತಕ ಕೈಗೆ ಕೊಟ್ಟು ಹೊಲಿಯಲು ಹೇಳಬೇಕು. ಮಕ್ಕಳನ್ನು ಕರೆಸಿ ಕತೆ ಹೇಳಿಸಬೇಕು. ಮೂರು ತಿಂಗಳು ಕಳೆದ ಮೇಲೆ ಅವರವರ ಗ್ರಂಥಾಲಯಕ್ಕೇ ಹೋಗಿ, ಕಲಿತದ್ದರಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ಏಕೆ ಎಂದು ವಿಚಾರಿಸಬೇಕು. ಕಮ್ಮಟದ ದಿನ ಆ ಊರಿನ ಗ್ರಂಥಾಲಯದ ಬಾಗಿಲು ಮುಚ್ಚದಂತೆ ಊರಿನ ಮಿತ್ರರೊಬ್ಬರು ಕುರ್ಚಿಯಲ್ಲಿ ಕೂರಲಿ. ಅದೇ ಅವರ ಮೊದಲ ಪಾಠವಾದೀತು.

ಕನ್ನಡದಲ್ಲಿ ‘ಕಾಯುವುದು’ ಎಂಬ ಮಾತಿಗೆ ಎರಡು ಅರ್ಥಗಳಿವೆ: ಕಾವಲಿರುವುದು ಒಂದು, ಬರುವವರಿಗಾಗಿ ಎದುರು ನೋಡುವುದು ಇನ್ನೊಂದು. ಪುಸ್ತಕಗಳನ್ನು ಕಾಯುವುದು ಬೀಗಕ್ಕೂ ಬರುತ್ತದೆ. ಓದುಗನಿಗಾಗಿ ಕಾಯುವುದು ಮನುಷ್ಯನಿಗೆ ಮಾತ್ರ ಬರುವ ಕೆಲಸ. ಮೊದಲ ಸಲ ಹೊಸ್ತಿಲ ಬಳಿ ಬಂದು ಅಳುಕುತ್ತ ನಿಂತ ಮಗು ಒಳಗೆ ಬಂದೀತೋ, ಹಿಂದಿರುಗಿ ಹೋದೀತೋ ಎಂಬುದು ಒಳಗಿರುವವರ ಒಂದು ಮಾತಿನ ಮೇಲೆ ನಿಂತಿರುತ್ತದೆ. ಆ ಒಂದು ಮಾತನ್ನು ಕಲಿಸುವುದಕ್ಕಾಗಿ ನಾವು ಮಾಡುವ ಯಾವ ವೆಚ್ಚವೂ ದುಬಾರಿಯದಲ್ಲ.