ಮೊಣಕಾಲಿನ ಮೃದ್ವಸ್ಥಿ ಸವೆತ: ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆಯ ನೆಲೆಗಳು

ಹಾಳಾದ ಮೃದ್ವಸ್ಥಿ ಮತ್ತೆ ಮೊದಲಿನಂತಾಗದು ಎಂಬುದನ್ನು ಶರೀರಶಾಸ್ತ್ರಜ್ಞ ವಿಲಿಯಂ ಹಂಟರ್ 1743ರಷ್ಟು ಹಿಂದೆಯೇ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಗುರುತಿಸಿದ್ದನು. ಇದರ ಕಾರಣ ಆ ಅಂಗಾಂಶದ ರಚನೆಯಲ್ಲಿಯೇ ಅಡಗಿದೆ. ಎಲುಬುಗಳ ತುದಿಯನ್ನು ಹೊದ್ದಿರುವ, ಕೆಲವೇ ಮಿಲಿಮೀಟರ್ ದಪ್ಪದ ಈ ನುಣುಪಾದ ಪದರದಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ರಕ್ತ ಹರಿಯದೆಡೆ ಗಾಯ ಮಾಯುವುದು ಕಷ್ಟ. ನರವಿಲ್ಲದೆಡೆ ಸವೆತದ ಸುಳಿವು ಬೇಗ ಸಿಗದು. ನೋವು ಕಾಣಿಸಿಕೊಳ್ಳುವ ವೇಳೆಗೆ ಕೀಲಿನ ಒಳಪೊರೆ, ಅಡಿಯ ಎಲುಬು ಇವೂ ಬಾಧೆಗೊಳಗಾಗಿರುವುದು ಸಾಮಾನ್ಯ.

ಹಾಗಾದರೆ ಈ ಪದರಕ್ಕೆ ಪೋಷಣೆ ದೊರೆಯುವ ಬಗೆ ಹೇಗೆ? ಮೃದ್ವಸ್ಥಿಯ ತೂಕದಲ್ಲಿ ಬಹುಪಾಲು ನೀರು. ಭಾರ ಬಿದ್ದಾಗ ಅದು ಸ್ಪಂಜಿನಂತೆ ತುಸು ದ್ರವವನ್ನು ಹೊರಚೆಲ್ಲಿ, ಭಾರ ಸರಿದಾಗ ಕೀಲುದ್ರವವನ್ನು ಹೀರಿಕೊಳ್ಳುತ್ತದೆ. ಅದರೊಳಗಿನ ಜೀವಕೋಶಗಳು ಈ ದ್ರವದಿಂದಲೇ ಬದುಕಬೇಕು. ಆದುದರಿಂದ ಸವೆದ ಕೀಲಿಗೆ ಸಂಪೂರ್ಣ ವಿಶ್ರಾಂತಿಯೇ ಮದ್ದೆಂಬ ರೂಢಿಯ ನಂಬಿಕೆ ಸರಿಯಲ್ಲ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೀಳವಾಗಿ ಚಾಚಿ, ಕೆಲವು ಕ್ಷಣ ಹಿಡಿದು ಇಳಿಸುವಂತಹ ಸರಳ ವ್ಯಾಯಾಮ ತೊಡೆಯ ಸ್ನಾಯುಗಳನ್ನು ಬಲಪಡಿಸುತ್ತದೆ. ಆ ಸ್ನಾಯುಗಳು ಗಟ್ಟಿಯಾದಷ್ಟೂ ಕೀಲಿಗೆ ಆಸರೆ ಹೆಚ್ಚು. ಬೊಜ್ಜುಳ್ಳವರಲ್ಲಿ ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುವುದನ್ನು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಇಷ್ಟಾದರೂ ಜನರ ಹಣ ಹರಿಯುವುದು ಮಾತ್ರೆ, ಚುಚ್ಚುಮದ್ದುಗಳತ್ತ. ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಕುರಿತು 1,583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅವು ಒಟ್ಟಾರೆಯಾಗಿ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚಿದರೆ ಕೆಲವು ವಾರ ನೋವು ಶಮನವಾಗುವುದುಂಟು. ಆದರೆ ಎರಡು ವರ್ಷ ಕಾಲ ಮೂರು ತಿಂಗಳಿಗೊಮ್ಮೆ ಚುಚ್ಚಿದವರಲ್ಲಿ ಮೃದ್ವಸ್ಥಿಯ ಸವೆತವೇ ಹೆಚ್ಚಿತ್ತೆಂದು 2017ರ ಅಧ್ಯಯನ ತಿಳಿಸಿತು. ಶಸ್ತ್ರಕ್ರಿಯೆಗಳೆಲ್ಲವೂ ಮೇಲೆಂದೂ ಅಲ್ಲ: ದುರ್ಬೀನಿನಿಂದ ಕೀಲನ್ನು ತೊಳೆದು ಹೆರೆಯುವ ಕ್ರಮ ಬರಿಯ ಚರ್ಮ ಕೊಯ್ದ ಹುಸಿಶಸ್ತ್ರಕ್ರಿಯೆಗಿಂತ ಹೆಚ್ಚಿನ ಫಲ ನೀಡಲಿಲ್ಲವೆಂದು 2002ರಲ್ಲಿಯೇ ಸಿದ್ಧವಾಯಿತು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವ ನಮ್ಮ ಜನರಿಗೆ ಮೊಣಕಾಲನ್ನು ಪೂರ್ತಿ ಮಡಚಬೇಡಿರೆಂಬ ಸಲಹೆ ಸುಲಭದ್ದಲ್ಲ; ಜೀವನೋಪಾಯವನ್ನೇ ಅದು ಮುಟ್ಟುತ್ತದೆ. ಎತ್ತರದ ಮಣೆ, ಉದ್ದ ಹಿಡಿಯ ಸಲಕರಣೆ ಅಲ್ಲಿ ಔಷಧದಷ್ಟೇ ಮುಖ್ಯ. ಊರುಗೋಲನ್ನೂ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಹಲವರು ನೋವಿನ ಬದಿಯಲ್ಲಿಯೇ ಹಿಡಿಯುತ್ತಾರೆ.